ಓದುಗರ ಪ್ರಶ್ನೆ: ಶಾಲೆಯ ಮೈದಾನದಲ್ಲಿ ಬಿಸಿಗಾಳಿ ಬಲೂನು

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ನಗರದ ಪ್ರಾಥಮಿಕ ಶಾಲೆಯೊಂದರ ಮೈದಾನದಲ್ಲಿ ನಿಂತಿದ್ದ ಬಿಸಿಗಾಳಿ ಬಲೂನಿನ ಚಿತ್ರವನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ಅದನ್ನು ಕುರಿತು ಬಂದ ಪತ್ರಗಳಲ್ಲಿ ನಾಲ್ಕನ್ನು ಆಯ್ದು ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ಮಗಳ ಸಂಸಾರ ಆಲ್ಬುಕರ್ಕಿಯಲ್ಲಿದೆ. ಎರಡನೆಯ ತರಗತಿಯಲ್ಲಿರುವ ಮೊಮ್ಮಗನ ಶಾಲೆಗೂ ಬಲೂನಿನವರು ಬರುತ್ತಾರಂತೆ. ಅವರು ಶಾಲೆಗೇ ಏಕೆ ಬರುತ್ತಾರೆ? ಅಷ್ಟು ದೊಡ್ಡ ಬೆಂಕಿಯನ್ನು ಮಕ್ಕಳೆದುರು ಉರಿಸುವುದು ಕ್ಷೇಮವೇ?
— ನಿವೃತ್ತ ಅಂಚೆ ನೌಕರರು, ಧಾರವಾಡ

ಉತ್ತರ: ಆಲ್ಬುಕರ್ಕಿಯಲ್ಲಿ ಪ್ರತಿವರ್ಷ ಅಕ್ಟೋಬರ್ ಮೊದಲ ಭಾಗದಲ್ಲಿ ಒಂಬತ್ತು ದಿನಗಳ ಅಂತರರಾಷ್ಟ್ರೀಯ ಬಲೂನು ಉತ್ಸವ ನಡೆಯುತ್ತದೆ. 1972ರಲ್ಲಿ ಒಂದು ಅಂಗಡಿ ಸಂಕೀರ್ಣದ ವಾಹನ ನಿಲುಗಡೆ ಜಾಗದಲ್ಲಿ 13 ಬಲೂನುಗಳೊಂದಿಗೆ ಆರಂಭವಾದ ಈ ಕೂಟದಲ್ಲಿ ಈಗ ನೂರಾರು ಬಲೂನುಗಳು ಒಟ್ಟಿಗೆ ಹಾರುತ್ತವೆ. ಉತ್ಸವ ಆರಂಭವಾಗುವ ಹಿಂದಿನ ಶುಕ್ರವಾರ ಪೈಲಟ್‌ಗಳು ತಮ್ಮ ತಂಡದೊಡನೆ ನಗರದ ಪ್ರಾಥಮಿಕ ಶಾಲೆಗಳಿಗೆ ಹೋಗಿ, ಅಲ್ಲಿನ ಮೈದಾನದಲ್ಲಿಯೇ ಬಲೂನು ಉಬ್ಬಿಸಿ ತೋರಿಸುವ ವಾಡಿಕೆಯಿದೆ. ಇಡೀ ಊರಿನ ನೆತ್ತಿಯ ಮೇಲೆ ಹಾರಿ, ಯಾರದೋ ಹೊಲದಲ್ಲಿ, ಯಾವುದೋ ಮನೆಯ ಹಿಂದಿನ ಬಯಲಿನಲ್ಲಿ ಇಳಿಯಬೇಕಾದ ಜನರಿಗೆ ಊರಿನವರ ವಿಶ್ವಾಸ ಬೇಕೇ ಬೇಕು. ಮಕ್ಕಳ ಮೂಲಕ ಅದನ್ನು ಗಳಿಸುವುದು ಜಾಣತನದ ಕೆಲಸವೆಂದೇ ನಮ್ಮ ಅಭಿಪ್ರಾಯ.

ಬೆಂಕಿಯ ವಿಚಾರ. ಬುಟ್ಟಿಯ ಮೇಲ್ಭಾಗದಲ್ಲಿರುವ ಬರ್ನರಿಗೆ ಸಿಲಿಂಡರಿನಿಂದ ಪ್ರೊಪೇನ್ ಬರುತ್ತದೆ. ಪೈಲಟ್ ಹಿಡಿಕೆಯನ್ನು ಒತ್ತಿದಷ್ಟು ಹೊತ್ತು ಮಾತ್ರ ದೊಡ್ಡ ಜ್ವಾಲೆ ಮೇಲಕ್ಕೆ ಚಿಮ್ಮುತ್ತದೆ, ಕೈ ಬಿಟ್ಟೊಡನೆ ನಿಲ್ಲುತ್ತದೆ. ಬಲೂನಿನ ಬಾಯಿಯ ಸುತ್ತಲಿನ ಬಟ್ಟೆ ಅಗ್ನಿಶಾಮಕ ದಳದವರ ಉಡುಪಿಗೆ ಬಳಸುವ ನೋಮೆಕ್ಸ್ ಜಾತಿಯದು, ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಮಕ್ಕಳನ್ನು ಸಾಕಷ್ಟು ದೂರದಲ್ಲಿ ನಿಲ್ಲಿಸುತ್ತಾರೆ. ಅವರು ಬೆಚ್ಚುವುದು ಹೆಚ್ಚಾಗಿ ಬರ್ನರಿನ ಅಬ್ಬರಕ್ಕೇ ಹೊರತು ಬೆಂಕಿಗಲ್ಲ. ನೆರೆಮನೆಗಳ ನಾಯಿಗಳೂ ಆ ಸದ್ದಿಗೇ ಬೊಗಳಲು ತೊಡಗುತ್ತವೆ.

ಆದುದರಿಂದ ತಾವು ಬೆಂಕಿಗೆ ಅಷ್ಟು ಹೆದರಬೇಕಾಗಿಲ್ಲ. ಬಲೂನಿನವರು ನಿಜಕ್ಕೂ ಹೆದರುವುದು ಗಾಳಿಗೆ ಮತ್ತು ವಿದ್ಯುತ್ ತಂತಿಗೆ. ಉಬ್ಬಿ ನಿಂತ ಬಲೂನು ಆರೇಳು ಅಂತಸ್ತಿನ ಕಟ್ಟಡದಷ್ಟು ಎತ್ತರವಿರುವುದರಿಂದ, ನಾವು ಗಮನಿಸದೇ ಹೋಗುವಂಥ ಗಾಳಿಯೂ ಅದನ್ನು ಎಳೆದಾಡಬಲ್ಲದು. ತಂಡದವರು ಮೈದಾನಕ್ಕೆ ಬಂದಕೂಡಲೇ ಹೀಲಿಯಂ ತುಂಬಿದ ಒಂದು ಸಣ್ಣ ಬಲೂನನ್ನು ಹಾರಿಬಿಟ್ಟು, ಅದು ಯಾವ ಎತ್ತರದಲ್ಲಿ ಯಾವ ಕಡೆಗೆ ತಿರುಗುತ್ತದೆಂಬುದನ್ನು ಕತ್ತೆತ್ತಿ ನೋಡುತ್ತಾರೆ. ನೆಲಮಟ್ಟದ ಗಾಳಿ ಗಂಟೆಗೆ ಸುಮಾರು 16 ಕಿಲೋಮೀಟರು ಮೀರಿದರೆ ಸಾಮಾನ್ಯವಾಗಿ ಹಾರಾಟವಿಲ್ಲ. ಹವೆ ಹದವಾಗಿದ್ದರೆ ಕೆಲವರು ಶಾಲೆಯಿಂದಲೇ ಹಾರಿಹೋಗುತ್ತಾರೆ, ಇಲ್ಲದಿದ್ದರೆ ಬಲೂನನ್ನು ನಿಲ್ಲಿಸಿ ತೋರಿಸಿ ಮಡಚುತ್ತಾರೆ. ಕೆಲವೊಮ್ಮೆ ಬುಟ್ಟಿ ಮತ್ತು ಬರ್ನರನ್ನಷ್ಟೇ ತೋರಿಸಿ ಹಿಂದಿರುಗುವುದೂ ಉಂಟು. ಆಗ ಮಕ್ಕಳ ಮುಖ ಬಾಡುವುದು ಸಹಜ. ಪೈಲಟ್‌ಗಳು ತಮ್ಮ ಬಲೂನಿನ ಚಿತ್ರವಿರುವ ಸಣ್ಣ ಕಾರ್ಡುಗಳನ್ನು ಹಂಚುವುದರಿಂದ ಯಾರೂ ಬರಿಗೈಯಲ್ಲಿ ತರಗತಿಗೆ ಹೋಗಬೇಕಾಗುವುದಿಲ್ಲ. ಆ ಊರಿನ ಮಕ್ಕಳು ಈ ಕಾರ್ಡುಗಳನ್ನು ಜತನದಿಂದ ಕೂಡಿಡುತ್ತಾರೆ. ಮೊಮ್ಮಗನನ್ನು ಕೇಳಿ ನೋಡಿ.

ಪ್ರಶ್ನೆ: ನಾನು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮಲ್ಲಿಗೆ ಬಲೂನು ತಂಡ ಬರುವ ಮಾತು ದೂರ. ಬಿಸಿಗಾಳಿ ಹೇಗೆ ಮನುಷ್ಯರನ್ನು ಎತ್ತುತ್ತದೆಂಬುದನ್ನು ಮಕ್ಕಳಿಗೆ ತಿಳಿಯುವಂತೆ ಹೇಗೆ ಹೇಳಲಿ?
— ಶಿಕ್ಷಕಿ, ತಿಪಟೂರು

ಉತ್ತರ: ಗಾಳಿಗೆ ತೂಕವಿದೆ ಎಂಬಲ್ಲಿಂದ ಆರಂಭಿಸಿ, ಮಕ್ಕಳಿಗೆ ನಂಬಲು ಕಷ್ಟವಾಗುವುದು ಇದೊಂದೇ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಒಂದು ಮೀಟರು ಉದ್ದ, ಅಗಲ, ಎತ್ತರದ ಜಾಗದಲ್ಲಿರುವ ಗಾಳಿ ಸುಮಾರು 1.22 ಕಿಲೋ ತೂಗುತ್ತದೆ. ಅದೇ ಜಾಗದ ಗಾಳಿಯನ್ನು 100 ಡಿಗ್ರಿಗೆ ಕಾಯಿಸಿದರೆ ಅದು ಹಿಗ್ಗಿ, ಒಂದಷ್ಟು ಹೊರಗೆ ಹೋಗಿ, ಉಳಿದದ್ದರ ತೂಕ ಸುಮಾರು 0.95 ಕಿಲೋ ಆಗುತ್ತದೆ. ವ್ಯತ್ಯಾಸ ಕಾಲು ಕಿಲೋಗಿಂತ ತುಸು ಹೆಚ್ಚು, ಅಷ್ಟೆ. ಆದರೆ ಮೂರು ನಾಲ್ಕು ಜನರನ್ನು ಒಯ್ಯುವ ಸಾಧಾರಣ ಬಲೂನಿನ ಒಳಗೆ ಇಂಥ ಸುಮಾರು 2,200 ಘನ ಮೀಟರ್ ಜಾಗವಿರುವುದರಿಂದ, ಎತ್ತುವ ಬಲ 600 ಕಿಲೋ ಆಸುಪಾಸಿಗೆ ಬರುತ್ತದೆ. ಬಟ್ಟೆ, ಬೆತ್ತದ ಬುಟ್ಟಿ, ಬರ್ನರು, ಸಿಲಿಂಡರುಗಳ ತೂಕ ಕಳೆದರೆ ಉಳಿಯುವುದೇ ಪ್ರಯಾಣಿಕರ ಪಾಲು. ಆಲ್ಬುಕರ್ಕಿ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಅಂದರೆ ಬೆಂಗಳೂರಿಗಿಂತಲೂ ಸುಮಾರು 700 ಮೀಟರ್ ಮೇಲೆ. ಅಲ್ಲಿ ಗಾಳಿ ವಿರಳವಾಗಿರುವುದರಿಂದ ಈ ಬಲ ಕಡಿಮೆಯಾಗುತ್ತದೆ. ಅಕ್ಟೋಬರಿನ ಚಳಿಯ ಮುಂಜಾವು ಅದನ್ನು ಸ್ವಲ್ಪ ಮಟ್ಟಿಗೆ ಸರಿದೂಗಿಸುತ್ತದೆ.

ಪ್ರಯೋಗಕ್ಕೆ ಖಾಲಿ ಗಾಜಿನ ಬಾಟಲಿಯ ಬಾಯಿಗೆ ಜಾತ್ರೆಯ ಬಲೂನೊಂದನ್ನು ಸಿಕ್ಕಿಸಿ, ಬಾಟಲಿಯನ್ನು ಬೆಚ್ಚನೆಯ ನೀರಿನಲ್ಲಿ ನಿಲ್ಲಿಸಿದರೆ ಸಾಕು. ಒಳಗಿನ ಗಾಳಿ ಹಿಗ್ಗಿ ಬಲೂನು ಎದ್ದು ನಿಲ್ಲುತ್ತದೆ. ತಣ್ಣೀರಿಗೆ ಇಟ್ಟರೆ ಮತ್ತೆ ಕುಗ್ಗುತ್ತದೆ. ಕಾಗದದ ಬಲೂನಿಗೆ ಮೇಣದ ಬತ್ತಿ ಕಟ್ಟಿ ಹಾರಿಸುವ ಆಸೆ ಮಾತ್ರ ಬೇಡ. ಅದು ಯಾರ ಬಣವೆಯ ಮೇಲೆ, ಯಾವ ತೆಂಗಿನ ಗರಿಯ ಚಪ್ಪರದ ಮೇಲೆ ಇಳಿಯುವುದೋ ಹೇಳಲಾಗದು.

ಇನ್ನೊಂದು ಮಾತು. ಚಿತ್ರಗಳಲ್ಲಿ ಬಲೂನು ಎದ್ದು ನಿಂತ ಗಳಿಗೆಯೇ ಕಾಣುತ್ತದೆ, ಆದರೆ ಮಕ್ಕಳಿಗೆ ವಿವರಿಸಲು ಹೆಚ್ಚು ಒದಗುವುದು ಅದಕ್ಕಿಂತ ಮೊದಲಿನ ಮತ್ತು ಅನಂತರದ ಕೆಲಸ. ಮೊದಲು ನೈಲಾನಿನ ಬಟ್ಟೆಯನ್ನು ನೆಲದ ಮೇಲೆ ಉದ್ದಕ್ಕೆ ಹಾಸುತ್ತಾರೆ. ಬುಟ್ಟಿಯನ್ನು ಅಡ್ಡ ಮಲಗಿಸುತ್ತಾರೆ. ಇಬ್ಬರು ಬಲೂನಿನ ಬಾಯಿಯನ್ನು ಅಗಲಿಸಿ ಹಿಡಿದಿರುವಾಗ ದೊಡ್ಡ ಫ್ಯಾನೊಂದು ಒಳಕ್ಕೆ ತಣ್ಣನೆಯ ಗಾಳಿಯನ್ನು ತುಂಬುತ್ತದೆ. ಆ ಬಳಿಕವೇ ಬರ್ನರು. ಬಲೂನು ಒಮ್ಮೆಲೇ ಮೇಲೆದ್ದು ವಾಲದಂತೆ, ನೆತ್ತಿಗೆ ಕಟ್ಟಿದ ಉದ್ದನೆಯ ಹಗ್ಗವನ್ನು ಹಿಡಿದವನು ಹಿಂದಕ್ಕೆ ಬಾಗಿ, ಹಿಮ್ಮಡಿಯೂರಿ, ಸ್ವಲ್ಪಸ್ವಲ್ಪವಾಗಿ ಮುಂದಕ್ಕೆ ಬಿಟ್ಟುಕೊಡುತ್ತಾನೆ. ಮಡಚುವ ಹೊತ್ತಿನಲ್ಲಿ ಮಕ್ಕಳನ್ನೂ ಸೇರಿಸಿಕೊಳ್ಳುವುದುಂಟು. ಸಾಲಾಗಿ ನಿಂತು ಬಟ್ಟೆಯನ್ನು ತಬ್ಬಿ ಗಾಳಿ ಹೊರಡಿಸಿ, ಗೋಣಿಚೀಲಕ್ಕೆ ಹತ್ತಿ ತುರುಕಿದಂತೆ ಅದನ್ನು ಚೀಲಕ್ಕೆ ತುಂಬಿದ ಮೇಲೆ, ಚೀಲದ ಮೇಲೆ ಕುಳಿತು ಅದುಮುವ ಕೆಲಸಕ್ಕೆ ಮಕ್ಕಳಿಗಿಂತ ಉತ್ಸಾಹಿಗಳು ಸಿಗಲಾರರು.

ಪ್ರಶ್ನೆ: 2025ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಹಳ್ಳಿಯೊಂದರಲ್ಲಿ ಯಂತ್ರ ಕಟ್ಟಿದ ಭಾರಿ ಬಲೂನು ಬಿದ್ದು ಜನ ಗಾಬರಿಯಾಗಿದ್ದರು. ಅದೂ ಇದೇ ಬಗೆಯದೇ?
— ಓದುಗರು, ಬೀದರ್

ಉತ್ತರ: ಅಲ್ಲ. ಅದು ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರದಿಂದ ಹಾರಿಸಿದ ವೈಜ್ಞಾನಿಕ ಬಲೂನು. ಅದರೊಳಗೆ ತುಂಬುವುದು ಹೈಡ್ರೋಜನ್. ಅದರಲ್ಲಿ ಬರ್ನರೂ ಇಲ್ಲ, ಮನುಷ್ಯರೂ ಇರುವುದಿಲ್ಲ. ವಾಯುಮಂಡಲದ ಮೇಲಿನ ಪದರಗಳಿಗೆ ಉಪಕರಣಗಳನ್ನು ಒಯ್ದು, ಕೆಲಸ ಮುಗಿದ ಮೇಲೆ ಅವುಗಳನ್ನು ಪ್ಯಾರಾಚೂಟಿನಲ್ಲಿ ಇಳಿಸುತ್ತಾರೆ. ಅಂಥದ್ದು ಕಂಡರೆ ಮುಟ್ಟದೆ, ಬಿಚ್ಚದೆ, ಪೊಲೀಸರಿಗೆ ತಿಳಿಸಬೇಕು.

ಪ್ರಶ್ನೆ: ಬಲೂನಿಗೆ ಚುಕ್ಕಾಣಿ ಇಲ್ಲ ಎನ್ನುತ್ತಾರೆ. ಹಾಗಾದರೆ ಹಾರಿದ ಶಾಲೆಗೇ ಅದು ಹಿಂದಿರುಗಲು ಸಾಧ್ಯವೇ? ನಾನೂ ಬಲೂನು ಹಾರಿಸಬೇಕಾದರೆ ಎಷ್ಟು ವಯಸ್ಸಾಗಿರಬೇಕು?
— ಏಳನೆಯ ತರಗತಿಯ ವಿದ್ಯಾರ್ಥಿನಿ, ಸಾಗರ

ಉತ್ತರ: ಚುಕ್ಕಾಣಿ ಇಲ್ಲದಿರುವುದು ನಿಜ, ಮಗು. ಪೈಲಟ್‌ನ ಕೈಯಲ್ಲಿರುವುದು ಏರುವುದು ಮತ್ತು ಇಳಿಯುವುದು ಎರಡೇ: ಬರ್ನರು ಉರಿಸಿದರೆ ಏರುತ್ತದೆ, ನೆತ್ತಿಯ ಕಿಂಡಿಯನ್ನು ಹಗ್ಗದಿಂದ ತೆರೆದು ಬಿಸಿಗಾಳಿ ಬಿಟ್ಟರೆ ಇಳಿಯುತ್ತದೆ. ಆದರೆ ಬೇರೆಬೇರೆ ಎತ್ತರದಲ್ಲಿ ಗಾಳಿ ಬೇರೆಬೇರೆ ದಿಕ್ಕಿಗೆ ಬೀಸುವುದರಿಂದ, ಬೇಕಾದ ಗಾಳಿಯನ್ನು ಹುಡುಕಿ ಅದರೊಳಕ್ಕೆ ಹೋಗುವುದೇ ಪೈಲಟ್‌ನ ವಿದ್ಯೆ. ಆಲ್ಬುಕರ್ಕಿಯಲ್ಲಿ ಇದಕ್ಕೆ ವಿಶೇಷ ಅನುಕೂಲವಿದೆ. ರಾತ್ರಿ ತಣ್ಣಗಾದ ಗಾಳಿ ರಿಯೊ ಗ್ರಾಂಡೆ ನದಿಯ ಕಣಿವೆಯ ಇಳಿಜಾರಿನಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತಿರುತ್ತದೆ. ಅದರ ಮೇಲಿನ ಪದರದಲ್ಲಿ ಗಾಳಿ ದಕ್ಷಿಣದಿಂದ ಉತ್ತರಕ್ಕೆ ಬೀಸುತ್ತಿದ್ದರೆ, ಕೆಳಗೆ ದಕ್ಷಿಣಕ್ಕೆ ಸಾಗಿ, ಏರಿ, ಉತ್ತರಕ್ಕೆ ಮರಳಿ, ಹೊರಟ ಜಾಗದ ಸಮೀಪವೇ ಇಳಿಯಬಹುದು. ಅಲ್ಲಿನವರು ಇದನ್ನು ‘ಬಾಕ್ಸ್’ ಎನ್ನುತ್ತಾರೆ. ಎಲ್ಲ ದಿನವೂ ಇದು ಒದಗುವುದಿಲ್ಲ; ಬಿಸಿಲೇರಿ ನೆಲ ಕಾದಮೇಲಂತೂ ಪದರಗಳು ಕಲಸಿಹೋಗುತ್ತವೆ. ಅದಕ್ಕೇ ಹಾರಾಟವೆಲ್ಲ ಮುಂಜಾನೆ. ಬಲೂನು ಎಲ್ಲಿ ಇಳಿದರೂ ಸರಿ, ತಂಡದ ಉಳಿದವರು ವಾಹನದಲ್ಲಿ ರಸ್ತೆಯುದ್ದಕ್ಕೂ ಹಿಂಬಾಲಿಸಿ ಬಂದು ಅಲ್ಲಿ ಸೇರಿಕೊಳ್ಳುತ್ತಾರೆ.

ಅಮೆರಿಕದಲ್ಲಿ 14 ವರ್ಷ ತುಂಬಿದವರು ಬಲೂನು ಕಲಿಯುವ ಪೈಲಟ್ ಆಗಿ ಪ್ರಮಾಣಪತ್ರ ಪಡೆಯಬಹುದು, ಖಾಸಗಿ ಪೈಲಟ್ ಆಗಲು 16 ತುಂಬಿರಬೇಕು. ನಮ್ಮ ದೇಶದಲ್ಲಿ ಪರವಾನಗಿ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಅದರ ನಿಯಮಗಳನ್ನು ತರಿಸಿಕೊಡುವಂತೆ ನಿನ್ನ ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳು.