ಕವಳಿಯೂ ಕಾಡುಪಾಪವೂ: ಪ್ರಬಂಧ ಕಳಿಸಿದವರಿಗೆ

ನಮಸ್ಕಾರ.

ಕವಳಿ ಎಂಬ ಮುಳ್ಳುಗಿಡವನ್ನೂ ಕಾಡುಪಾಪ ಎಂಬ ಪುಟ್ಟ ನಿಶಾಚರ ಪ್ರಾಣಿಯನ್ನೂ ಹೋಲಿಸಿ ನೀವು ಕಳಿಸಿದ ಪ್ರಬಂಧ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ; ಇಂಥ ಜೋಡಿ ಎಲ್ಲರಿಗೂ ಹೊಳೆಯುವಂಥದ್ದಲ್ಲ.

ಮೊದಲು ತಪ್ಪುಗಳು. ಕಾಡುಪಾಪ ಕೊಂಬೆಯಿಂದ ಕೊಂಬೆಗೆ ನೆಗೆಯುವುದಿಲ್ಲ. ಮುಂದಿನ ಹಿಡಿತ ಭದ್ರವಾದ ಮೇಲೆಯೇ ಹಿಂದಿನದನ್ನು ಬಿಡುತ್ತದೆ. ಅದಕ್ಕೆ ಬಾಲವಿಲ್ಲ, ನೀವು ಎರಡು ಕಡೆ ಬೀಸಿಸಿದ್ದೀರಿ. ಅದರ ಮುಖ್ಯ ಆಹಾರ ಇರುವೆ, ಹುಳುಹುಪ್ಪಟೆ. ಹಾಗಾಗಿ ಬೆಳದಿಂಗಳಲ್ಲಿ ಕವಳಿ ಹಣ್ಣು ತಿಂದು ಹೊಟ್ಟೆ ತುಂಬಿಸಿಕೊಳ್ಳುವ ದೃಶ್ಯ, ಎಷ್ಟೇ ಚೆಂದ ಬಂದಿದ್ದರೂ, ಹೋಗಬೇಕು.

ಇನ್ನು ಹೋಲಿಕೆ. ಗಿಡಕ್ಕೊಂದು ಪ್ಯಾರಾ, ಪ್ರಾಣಿಗೊಂದು ಪ್ಯಾರಾ ಎಂದು ಕೊನೆಯವರೆಗೂ ಪಾಳಿ ಹಚ್ಚಿದ್ದೀರಿ. ಎತ್ತರಕ್ಕೆ ಎತ್ತರ, ಬಣ್ಣಕ್ಕೆ ಬಣ್ಣ. ಮೂರನೇ ಸುತ್ತಿಗೆ ಮುಂದಿನ ಸಾಲು ಓದುಗನಿಗೆ ಮೊದಲೇ ಗೊತ್ತಾಗುತ್ತದೆ. ‘ಎರಡೂ ನಾಚಿಕೆಯ ಜೀವಿಗಳು’ ಅನ್ನುವುದಂತೂ ಬೇಡವೇ ಬೇಡ. ಕವಳಿಗೆಂಥ ನಾಚಿಕೆ!

ಬರಹದ ಜೀವ ಇರುವುದು ನಾಲ್ಕನೇ ಪುಟದ ನಿಮ್ಮದೇ ಒಂದು ವಾಕ್ಯದಲ್ಲಿ: ಎರಡಕ್ಕೂ ಓಡಿ ತಪ್ಪಿಸಿಕೊಳ್ಳಲು ಬರುವುದಿಲ್ಲ. ಅಲ್ಲಿಂದಲೇ ಶುರು ಮಾಡಿ. ಕವಳಿ ಮೈತುಂಬ ಮುಳ್ಳು ಹೊತ್ತಿದೆ, ಮುರಿದರೆ ಅಂಟು ಹಾಲು ಒಸರುತ್ತದೆ, ಕಾಯಿ ಹಲ್ಲು ಚುಳ್ಳೆನ್ನುವಷ್ಟು ಹುಳಿ. ಬೀಜ ಬಲಿತದ್ದೇ ತಡ, ಅದೇ ಗಿಡ ಹಣ್ಣನ್ನು ಕಪ್ಪಾಗಿಸಿ, ಸಿಹಿ ತುಂಬಿ, ಬನ್ನಿ ತಿನ್ನಿ ಎನ್ನುತ್ತದೆ. ತಿಂದ ಹಕ್ಕಿ ಬೀಜವನ್ನು ದೂರ ಒಯ್ಯಬೇಕಲ್ಲ! ಕಾಡುಪಾಪಕ್ಕೆ ಅಂಥ ಋತುವೇ ಇಲ್ಲ. ತನ್ನನ್ನು ತಿಂದವರಿಂದ ಅದಕ್ಕೆ ಯಾವ ಕಾಲದಲ್ಲೂ ಲಾಭವಿಲ್ಲ. ಆದ್ದರಿಂದ ವರ್ಷವಿಡೀ ಕತ್ತಲೆಯ ಬದುಕು, ಸದ್ದಿಲ್ಲದ ನಡೆ, ಅಪಾಯ ಸುಳಿದರೆ ಮಿಸುಕದೆ ಕೂರುವ ಅಭ್ಯಾಸ. ಹೋಲಿಕೆ ಮುರಿದು ಬೀಳುವ ಈ ಜಾಗದಲ್ಲೇ ನಿಮಗೆ ಹೇಳಲು ಏನೋ ಇದೆ. ಎರಡು ಪುಟ ಇದಕ್ಕೇ ಕೊಡಿ. ‘ಪ್ರಕೃತಿ ಕಲಿಸುವ ಪಾಠ’ ಎಂಬ ಕೊನೆಯ ಭಾಗ ಪೂರ್ತಿ ತೆಗೆಯಿರಿ.

ಇನ್ನೊಂದು ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ಕಾಡುಪಾಪ ಕಂಡ ಊರು, ಕೆರೆ, ತೋಟದ ದಾರಿ ಎಲ್ಲವನ್ನೂ ಬರೆದಿದ್ದೀರಿ. ಈ ಪ್ರಾಣಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಗರಿಷ್ಠ ರಕ್ಷಣೆ ಕೊಡುವ ಮೊದಲ ಅನುಸೂಚಿಯಲ್ಲಿದ್ದರೂ ಮಾಟಮಂತ್ರಕ್ಕೆಂದು ಅದನ್ನು ಹಿಡಿಯುವವರಿದ್ದಾರೆ. ತುಮಕೂರು ಜಿಲ್ಲೆ ಎಂದಷ್ಟೇ ಇಟ್ಟು ಉಳಿದದ್ದನ್ನು ಅಳಿಸಿ. ಫೋಟೋದ ಹಿನ್ನೆಲೆಯಲ್ಲಿ ಕಾಣುವ ಬೋರ್ಡನ್ನೂ ಕತ್ತರಿಸಿ ಕಳಿಸಿ.