ಸಂಪಾದಕರ ಉತ್ತರ: ಮಾತಿನ ಏರಿಳಿತ, ಹಾಡಿನ ಶ್ರುತಿ

ಹಾಡುಗಾರಿಕೆ ಕಲಿಸುವ ಓದುಗರೊಬ್ಬರ ಪತ್ರ: “ಕಳೆದ ಸಂಚಿಕೆಯ ಲೇಖನದಲ್ಲಿ ಮಾತಿನ ಏರಿಳಿತವನ್ನೂ ಸಂಗೀತದ ಸ್ವರಗಳನ್ನೂ ಒಂದೇ ರೇಖಾಚಿತ್ರದಲ್ಲಿ ತೋರಿಸಿದ್ದೀರಿ. ಮಾತಿಗೂ ರಾಗವಿದೆ ಎಂದು ಕವಿಗಳು ಹೇಳಿದರೆ ಒಪ್ಪಬಹುದು. ಕಂಪನಗಳನ್ನು ಎಣಿಸಿ ಅದನ್ನೇ ಶಾಸ್ತ್ರವೆಂದರೆ ಹೇಗೆ? ನನ್ನ ವಿದ್ಯಾರ್ಥಿನಿಯೊಬ್ಬಳು ಯಾರ ಮಾತಿನ ಧಾಟಿಯನ್ನಾದರೂ ಥಟ್ಟನೆ ಹಿಡಿಯುತ್ತಾಳೆ. ಹಾಡಲು ಕುಳಿತರೆ ಶ್ರುತಿ ಸೇರುವುದಿಲ್ಲ. ಎರಡೂ ಒಂದೇ ಆಗಿದ್ದರೆ ಹೀಗಾಗುತ್ತಿತ್ತೇ?”

ಮಾನ್ಯರೇ,

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಆ ರೇಖಾಚಿತ್ರದ ಎತ್ತರವನ್ನು ಸೆಕೆಂಡಿಗೆ ಎಷ್ಟು ಕಂಪನ ಎಂದು ಎಣಿಸುವ ಹರ್ಟ್ಸ್‌ನಲ್ಲಿ ಗುರುತಿಸಬಾರದಿತ್ತು. ಗಂಡಸಿನ ಧ್ವನಿ 100ರಿಂದ 150 ಹರ್ಟ್ಸ್‌ಗೆ, ಹೆಂಗಸಿನ ಧ್ವನಿ 200ರಿಂದ 300 ಹರ್ಟ್ಸ್‌ಗೆ ಏರಿದರೆ ಕಾಗದದ ಮೇಲೆ ಎರಡನೆಯ ಏರು ಮೊದಲನೆಯದರ ಎರಡರಷ್ಟು ಕಾಣುತ್ತದೆ. ಕಿವಿಗೆ ಎರಡೂ ಒಂದೇ: ಷಡ್ಜದಿಂದ (ಸ) ಪಂಚಮಕ್ಕೆ (ಪ), ಎರಡಕ್ಕೆ ಮೂರರ ಪ್ರಮಾಣ. ಕಿವಿ ಅಳೆಯುವುದು ಪ್ರಮಾಣವನ್ನು. ಅದಕ್ಕಾಗಿಯೇ ಮಾತಿನ ಏರಿಳಿತವನ್ನು ಅಭ್ಯಸಿಸುವವರು ಹೆಚ್ಚಾಗಿ ಸಂಗೀತದ ಅರ್ಧಸ್ವರದ, ಎಂದರೆ ಸ್ಥಾಯಿಯ ಹನ್ನೆರಡನೆಯ ಒಂದು ಭಾಗದ, ಲೆಕ್ಕವನ್ನೇ ಬಳಸುತ್ತಾರೆ. ಚಿತ್ರವನ್ನು ಆ ಲೆಕ್ಕದಲ್ಲಿ ಮತ್ತೆ ಬರೆಸಿ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.

ಇನ್ನು ನಿಮ್ಮ ಆಕ್ಷೇಪ. ಅದು ಮನಸ್ಸಿನಿಂದ ಹೋಗದೆ, ಪತ್ರ ಬಂದ ಸಂಜೆಯೇ ‘ಬಂದರು’ ಎಂಬ ಒಂದೇ ಪದವನ್ನು ಹೇಳಿಕೆಯಾಗಿ, ಪ್ರಶ್ನೆಯಾಗಿ ಹತ್ತತ್ತು ಬಾರಿ ನುಡಿದು ಧ್ವನಿಮುದ್ರಿಸಿದೆ. ಧ್ವನಿವಿಜ್ಞಾನಿಗಳು ಬಳಸುವ ‘ಪ್ರಾಟ್’ ತಂತ್ರಾಂಶದಲ್ಲಿ ಅವನ್ನು ತೆರೆದು ನೋಡಿದೆ. ಹೇಳಿಕೆಯಲ್ಲಿ ಧ್ವನಿಯ ಎತ್ತರ ತೋರಿಸುವ ಗೆರೆ ಇಳಿಯುತ್ತ ಹೋಗಿ ‘ರು’ವಿನಲ್ಲಿ ನೆಲ ಹಿಡಿಯುತ್ತದೆ. ಪ್ರಶ್ನೆಯಲ್ಲಿ ಅದೇ ‘ರು’ ಮೇಲಕ್ಕೆ ಜಾರುತ್ತದೆ. ಹತ್ತು ಪ್ರಶ್ನೆಗಳಲ್ಲಿ ಯಾವ ಎರಡೂ ಒಂದೇ ಎತ್ತರ ಮುಟ್ಟಲಿಲ್ಲ. ಆದರೂ ಹತ್ತೂ ಪ್ರಶ್ನೆಗಳೇ. ಕೇಳಿದವರಿಗೆ ಅನುಮಾನ ಬರುವಂತಿಲ್ಲ. ನಿಮ್ಮ ಮುಂದೆ ಹತ್ತು ಸಲ ಗಾಂಧಾರವನ್ನು (ಗ) ಹೀಗೆ ಹತ್ತು ಎತ್ತರದಲ್ಲಿ ಹಾಡಿದ್ದರೆ ನೀವು ಎರಡನೆಯದಕ್ಕೇ ನಿಲ್ಲಿಸುತ್ತಿದ್ದಿರಿ.

ನನಗೆ ತಿಳಿದಂತೆ ವ್ಯತ್ಯಾಸದ ತಿರುಳು ಇಲ್ಲಿದೆ. ಮಾತಿಗೆ ಬೇಕಾದದ್ದು ದಿಕ್ಕು: ಏರಿತೋ, ಇಳಿಯಿತೋ, ಎಲ್ಲಿ ತಿರುಗಿತು. ಸಂಗೀತಕ್ಕೆ ಬೇಕಾದದ್ದು ಜಾಗ. ಅರ್ಧಸ್ವರವೊಂದಕ್ಕೆ ನೂರು ಸೆಂಟ್ ಎಂದು ಲೆಕ್ಕ ಹಾಕಿದರೆ, ನಾಲ್ಕಕ್ಕೆ ಐದರ ಪ್ರಮಾಣದ ಅಂತರ ಗಾಂಧಾರ ಷಡ್ಜದಿಂದ 386 ಸೆಂಟ್‌ಗಳಷ್ಟು ಮೇಲಿರುತ್ತದೆ. ಸಮಭಾಗ ಮಾಡಿ ಕೂರಿಸಿದ ಪಿಯಾನೋದಲ್ಲಿ 400. ಈ 14 ಸೆಂಟ್‌ಗಳ ವ್ಯತ್ಯಾಸ ಶ್ರುತಿಗೆ ಕಿವಿಗೊಟ್ಟು ಕುಳಿತವರನ್ನು ಚುಚ್ಚುತ್ತದೆ. ಮಾತಿನಲ್ಲಿ ಅಷ್ಟು ಸರಿದರೆ ಯಾರ ಗಮನಕ್ಕೂ ಬರುವುದಿಲ್ಲ. ಹಾಡುವಾಗ ಸ್ವರವನ್ನು ತೂಗಾಡಿಸುವ ಗಮಕದಲ್ಲಿ ಅದು ಜಾರುವುದಿಲ್ಲವೇ ಎಂದು ನೀವು ಕೇಳಬಹುದು. ಜಾರುತ್ತದೆ, ಆದರೆ ಎಲ್ಲಿಂದ ಎಲ್ಲಿಗೆ ಎಂಬುದು ಹಾಡುವವರಿಗೆ ಗೊತ್ತಿರುತ್ತದೆ.

ಇದನ್ನು ಯಂತ್ರಗಳಿಲ್ಲದೆಯೇ ಕಂಡವರಿದ್ದರು. ಲಂಡನ್ನಿನಲ್ಲಿ 1775ರಲ್ಲಿ ಜೋಶುವಾ ಸ್ಟೀಲ್ ಎಂಬಾತ ತಂತಿವಾದ್ಯದ ಮೇಲೆ ಬೆರಳು ಜಾರಿಸುತ್ತ, ತನ್ನ ಮಾತಿನ ಏರಿಳಿತವನ್ನು ಬೆನ್ನಟ್ಟಿ ಬರೆದಿಟ್ಟ. ಮಾತು ಮೆಟ್ಟಿಲು ಹತ್ತುವುದಿಲ್ಲ, ಜಾರುತ್ತದೆ ಎಂಬುದು ಆತನ ಕಾಣ್ಕೆ. ಅದಕ್ಕೂ ಬಹು ಹಿಂದೆ ಭರತನ ನಾಟ್ಯಶಾಸ್ತ್ರ ಮಾತಿನ ಧಾಟಿಗೆ ‘ಕಾಕು’ ಎಂಬ ಹೆಸರನ್ನೇ ಕೊಟ್ಟು, ಅರ್ಥ ಮುಗಿಯದೆ ಕಾಯಿಸುವ ಕಾಕು, ಮುಗಿದು ನಿಲ್ಲುವ ಕಾಕು ಎಂದು ಎರಡಾಗಿ ವಿಂಗಡಿಸಿದೆ. ನನ್ನ ‘ಬಂದರು’ವಿನ ಎರಡು ಗೆರೆಗಳನ್ನು ನೋಡುವಾಗ ನೆನಪಾದದ್ದು ಈ ವಿಂಗಡಣೆಯೇ.

ಹಾಗಾದರೆ ಎರಡಕ್ಕೂ ನಡುವೆ ಗೋಡೆಯಿದೆಯೇ? ಇಲ್ಲ, ಮತ್ತು ಇದಕ್ಕೆ ನನಗೆ ಅತಿ ಪ್ರಿಯವಾದ ಸಾಕ್ಷಿ ಸಂಗೀತ ಮನೋವಿಜ್ಞಾನಿ ಡಯಾನಾ ಡಾಯ್ಚ್ ಅವರದು. 1995ರಲ್ಲಿ ತಮ್ಮದೇ ಧ್ವನಿಮುದ್ರಣವನ್ನು ತಿದ್ದುವಾಗ ಒಂದು ನುಡಿಗಟ್ಟು ಮತ್ತೆ ಮತ್ತೆ ಕೇಳುತ್ತ, ಆ ಮಾತು ಹಾಡಾಗಿಬಿಟ್ಟಿತು. ಸಂಗಡಿಗರೊಂದಿಗೆ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅದೇ ತುಣುಕನ್ನು ಹಲವು ಬಾರಿ ಕೇಳಿದವರು ಅದನ್ನು ಹಾಡಿಯೇ ತೋರಿಸಿದರು. ಪ್ರತಿ ಸಲ ಶ್ರುತಿಯನ್ನು ಕೊಂಚ ಸರಿಸಿದರೆ, ಇಲ್ಲವೇ ಅಕ್ಷರಗಳನ್ನು ಹಿಂದುಮುಂದಾಗಿಸಿದರೆ ಮಾತು ಮಾತಾಗಿಯೇ ಉಳಿಯಿತು. ಹಾಡಾಗಿ ಕೇಳಿಸಿದ ತುಣುಕಿನ ಧ್ವನಿಯಲ್ಲಿ ಮಾತ್ರ ಎಳ್ಳಷ್ಟೂ ಬದಲಾಗಿರಲಿಲ್ಲ. ದಿಕ್ಕನ್ನು ಹುಡುಕುತ್ತಿದ್ದ ಕಿವಿ ಜಾಗವನ್ನು ಹುಡುಕತೊಡಗಿತು.

ಭಾಷೆಗೂ ಸಂಗೀತಕ್ಕೂ ನಂಟು ಕಟ್ಟುವ ಇತರ ಅಧ್ಯಯನಗಳ ಬಗ್ಗೆ ನಿಮ್ಮಷ್ಟಲ್ಲದಿದ್ದರೂ ನನಗೂ ಎಚ್ಚರವಿದೆ. ಫ್ರೆಂಚ್ ಮಾತಿನಲ್ಲಿ ಅಕ್ಷರದಿಂದ ಅಕ್ಷರಕ್ಕಿರುವ ಸ್ವರಾಂತರಗಳು ಇಂಗ್ಲಿಷಿಗಿಂತ ಕಡಿಮೆ ಏರುಪೇರಾಗುತ್ತವೆ, ಆ ದೇಶಗಳ ವಾದ್ಯಸಂಗೀತದಲ್ಲೂ ಹಾಗೆಯೇ ಎಂದು ಅನಿರುದ್ಧ ಪಟೇಲ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು. ಲೆಕ್ಕ ಗಟ್ಟಿಯಾಗಿದೆ. ಆದರೆ ಒಂದೆರಡು ಭಾಷೆಗಳಲ್ಲಿ ಕಂಡದ್ದನ್ನು ಎಲ್ಲ ಭಾಷೆಗಳ ಹಣೆಗೆ ಬರೆಯಲಾಗದು. ನಮ್ಮ ಲೇಖನ ಅಲ್ಲಿ ಅವಸರಪಟ್ಟಿತು.

ಇನ್ನು ನಿಮ್ಮ ವಿದ್ಯಾರ್ಥಿನಿ. ಹುಟ್ಟಿನಿಂದಲೇ ಸ್ವರಭೇದ ತಿಳಿಯದವರನ್ನು ಮಾಂಟ್ರಿಯಲ್‌ನ ಇಸಬೆಲ್ ಪೆರೆಟ್ಜ್ ಮತ್ತು ಸಂಗಡಿಗರು 2002ರಲ್ಲಿ ಪರೀಕ್ಷಿಸಿದಾಗ, ಅವರು ಪ್ರಶ್ನೆ ಯಾವುದು, ಹೇಳಿಕೆ ಯಾವುದು ಎಂದು ಮಾತಿನಲ್ಲಿ ಸರಿಯಾಗಿ ಗುರುತಿಸಿದರು. ಪದಗಳನ್ನು ತೆಗೆದು ಬರಿಯ ನಾದವನ್ನು ಕೇಳಿಸಿದಾಗ ಸೋತರು. ಮಾತಿನ ಏರುಗಳು ದೊಡ್ಡವು, ಹಾಡಿನವು ಚಿಕ್ಕವು ಎಂಬುದು ಇದಕ್ಕೊಂದು ಕಾರಣ. ಮಾತಿನಲ್ಲೂ ವ್ಯತ್ಯಾಸ ಸೂಕ್ಷ್ಮವಾದರೆ ಇಂಥವರು ಎಡವುತ್ತಾರೆ ಎಂದು ಮುಂದಿನ ಅಧ್ಯಯನಗಳು ತೋರಿಸಿದವು. ಆದರೆ ದಯವಿಟ್ಟು ಆ ಹುಡುಗಿಯನ್ನು ಈ ಗುಂಪಿಗೆ ಸೇರಿಸಬೇಡಿ. ಫೋರ್ಡ್ರೆಷರ್ ಮತ್ತು ಬ್ರೌನ್ 2007ರಲ್ಲಿ ಶ್ರುತಿ ತಪ್ಪಿ ಹಾಡುವವರನ್ನು ಪರೀಕ್ಷಿಸಿದಾಗ, ಸ್ವರಗಳ ಭೇದ ಗುರುತಿಸುವುದರಲ್ಲಿ ಅವರು ಇತರರಿಗಿಂತ ಹಿಂದೆ ಇರಲಿಲ್ಲ. ಕೇಳಿದ್ದನ್ನು ಕಂಠಕ್ಕೆ ದಾಟಿಸುವಲ್ಲಿ ತೊಡಕಿತ್ತು.

ನೀವೇ ಪರೀಕ್ಷಿಸಬಹುದು. ಅವಳನ್ನು ಹಾಡಿಸದೆ ಎರಡು ಸ್ವರ ನುಡಿಸಿ, ಎರಡೂ ಒಂದೇಯೋ ಬೇರೆಯೋ ಎಂದು ಮಾತ್ರ ಕೇಳಿ. ಅಂತರವನ್ನು ಕಿರಿದಾಗಿಸುತ್ತ ಹೋಗಿ. ಸರಿಯಾಗಿ ಹೇಳಿದರೆ ಕಿವಿ ಗಟ್ಟಿ ಎಂದರ್ಥ. ಆಮೇಲೆ ಅವಳದೇ ಮಾತಿನ ತುಣುಕೊಂದನ್ನು ಧ್ವನಿಮುದ್ರಿಸಿ, ಅದು ಹಾಡಾಗಿ ಕೇಳಿಸುವವರೆಗೆ ಮತ್ತೆ ಮತ್ತೆ ಹಾಕಿ, ಅದನ್ನೇ ಹಾಡಲು ಹೇಳಿ. ಇದು ಯಾವ ಪ್ರಬಂಧದಲ್ಲೂ ಓದಿದ್ದಲ್ಲ, ನನಗೆ ತೋಚಿದ್ದು. ತನ್ನದೇ ಧಾಟಿಯ ಮೇಲೆ ಅವಳ ಕಂಠ ಎಲ್ಲಿ ನಿಂತಿತು, ಎಲ್ಲಿ ಜಾರಿತು ಎಂಬುದನ್ನು ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕ