ಗುಳ ತಟ್ಟಿಸಲೂ ಶತ್ರುವಿನ ಬಾಗಿಲಿಗೆ

ಪ್ರಶ್ನೆ: ಬೈಬಲಿನಲ್ಲಿ, ರಾಜ ಬಂದರೆ ಏನೇನು ಕಷ್ಟ ಅಂತ ಪ್ರವಾದಿ ಸಮುವೇಲ ಮೊದಲೇ ಹೇಳಿದ್ದ. ಆದರೂ ಇಸ್ರಾಯೇಲ್ಯರು ರಾಜ ಬೇಕೇ ಬೇಕು ಅಂತ ಹಟ ಹಿಡಿದರು. ಇದು ಸುಮ್ನೆ ನೆರೆಯವರನ್ನು ನೋಡಿ ಹುಟ್ಟಿದ ಆಸೆ ಅಲ್ವಾ?

ಉತ್ತರ: ಆ ಆಸೆಯೂ ಇತ್ತು. ಹಿರಿಯರು ರಾಮಾ ಊರಿಗೆ ಬಂದು ಬಾಯಿಬಿಟ್ಟೇ ಹಾಗೆ ಕೇಳಿದ್ದರು. ಸಮುವೇಲನ ಮಕ್ಕಳು ಲಂಚ ತಿನ್ನುತ್ತಿದ್ದರು ಎಂಬ ಬೇಸರವೂ ಸೇರಿತ್ತು. ಆದರೆ ನಿಜವಾದ ಕಾರಣ ಸಮುವೇಲನ ಮೊದಲ ಪುಸ್ತಕದ 13ನೇ ಅಧ್ಯಾಯದಲ್ಲಿದೆ ಎಂದು ನನಗೆ ಅನಿಸುತ್ತದೆ. ಜಾಸ್ತಿ ಜನ ಅದನ್ನು ಓದಿ ಮುಂದೆ ಹೋಗಿಬಿಡುತ್ತಾರೆ.

ಇಸ್ರಾಯೇಲ್ ನಾಡಿನಲ್ಲಿ ಒಬ್ಬ ಕಮ್ಮಾರನೂ ಇರಲಿಲ್ಲ ಎನ್ನುತ್ತದೆ ಆ ಮಾತು. ಕತ್ತಿ, ಭರ್ಜಿ ಮಾಡಿಕೊಂಡಾರು ಅಂತ ಕರಾವಳಿಯ ಶತ್ರುಗಳಾದ ಫಿಲಿಷ್ಟಿಯರು ಬಿಟ್ಟಿರಲಿಲ್ಲ. ನೇಗಿಲ ಗುಳವೋ ಕೊಡಲಿಯೋ ಮೊಂಡಾದರೆ ಬೆಟ್ಟ ಇಳಿದು ಅವರ ಹತ್ತಿರವೇ ಹೋಗಬೇಕು. ಗುಳಕ್ಕೆ ಕೂಲಿ ಒಂದು ಪಿಮ್, ಅಂದರೆ ಶೆಕೆಲ್ ಎಂಬ ಆಗಿನ ಬೆಳ್ಳಿ ತೂಕದ ಮೂರರಲ್ಲಿ ಎರಡು ಪಾಲು. ‘ಪಿಮ್’ ಎಂದು ಕೆತ್ತಿದ ಪುಟ್ಟ ತೂಕದ ಕಲ್ಲುಗಳು ಅಗೆತದಲ್ಲಿ ಸಿಕ್ಕ ಮೇಲೆಯೇ ಈ ಪದದ ಅರ್ಥ ಗೊತ್ತಾದದ್ದು. ಒಂದೊಂದೂ ಏಳೂವರೆ ಗ್ರಾಂ ಆಸುಪಾಸು.

ನಾನು ಕಮ್ಮಾರರ ಮನೆಯ ಮಗಳು. ಗುಳ ತಟ್ಟಿಸದಿದ್ದರೆ ಉಳುಮೆಯೇ ನಿಲ್ಲುತ್ತದೆ, ಅದನ್ನು ನೋಡಿ ಬೆಳೆದವಳು. ಅದಕ್ಕೂ ಶತ್ರುವಿನ ಕುಲುಮೆ ಮುಂದೆ ದುಡ್ಡು ಹಿಡಿದು ನಿಲ್ಲಬೇಕು ಅಂದರೆ ಆ ರೈತನ ಹೊಟ್ಟೆ ಎಷ್ಟು ಉರಿದಿರಬೇಡ!

ಅದುವರೆಗೆ ಆಪತ್ತು ಬಂದಾಗ ಒಬ್ಬ ನ್ಯಾಯಸ್ಥಾಪಕ, ಅಂದರೆ ಆ ಹೊತ್ತಿನ ಮುಖಂಡ, ಮುಂದೆ ನಿಲ್ಲುತ್ತಿದ್ದ. ಕೆಲವು ಕುಲಗಳು ಬರುತ್ತಿದ್ದವು, ಕೆಲವು ಬರುತ್ತಿರಲಿಲ್ಲ. ಐದು ಪಟ್ಟಣಗಳ ಫಿಲಿಷ್ಟಿಯರ ಮುಂದೆ ಅದು ಸಾಲಲಿಲ್ಲ. ಇಸ್ರಾಯೇಲ್ಯರ ಪವಿತ್ರ ಪೆಟ್ಟಿಗೆಯಾದ ಒಡಂಬಡಿಕೆಯ ಮಂಜೂಷವೇ ಫಿಲಿಷ್ಟಿಯರ ಕೈಸೇರಿತು.

ಅತ್ತ ಯೊರ್ದನ್ ಹೊಳೆಯಾಚೆ ಇಸ್ರಾಯೇಲ್ಯರ ಯಾಬೇಷ್ ಊರನ್ನು ಅಮ್ಮೋನಿಯರ ರಾಜ ನಾಹಾಷ ಮುತ್ತಿದ. ಎಲ್ಲರ ಬಲಗಣ್ಣು ಕೀಳುತ್ತೇನೆ, ಆಮೇಲೆ ಸಂಧಿ ಎಂದ. ಸುದ್ದಿ ಕೇಳಿದಾಗ, ಮೊದಲ ರಾಜನಾಗಿ ಆರಿಸಿದ್ದ ಸೌಲ ಹೊಲದಿಂದ ಎತ್ತುಗಳ ಹಿಂದೆ ಬರುತ್ತಿದ್ದ. ಎತ್ತುಗಳನ್ನು ಕಡಿದು ತುಂಡುಗಳನ್ನು ನಾಡಿಗೆಲ್ಲ ಕಳಿಸಿದ. ಬರದವನ ಎತ್ತಿಗೂ ಇದೇ ಗತಿ ಎಂದ. ಜನ ಒಟ್ಟಾಗಿ ಬಂದರು. ಯಾಬೇಷ್ ಉಳಿಯಿತು.

ಸಮುವೇಲನ ಎಚ್ಚರಿಕೆಯೂ ಸುಳ್ಳಾಗಲಿಲ್ಲ. ಮುಂದೆ ರಾಜನಾದ ಸೊಲೊಮೋನನ ಕಾಲಕ್ಕೆ 30,000 ಜನ ಬಿಟ್ಟಿ ದುಡಿಮೆಗೆ ಹೋಗಬೇಕಾಯಿತು. ಅವನು ಸತ್ತ ಮೇಲೆ, ಸುಮಾರು ಕ್ರಿ.ಪೂ. 930ರಲ್ಲಿ, ಆ ಹೊರೆಯ ಜಗಳದಲ್ಲೇ ರಾಜ್ಯ ಎರಡಾಯಿತು.

ಆದರೂ ಅವರನ್ನು ದಡ್ಡರು ಎನ್ನಲು ನನಗೆ ಮನಸ್ಸು ಬಾರದು. ಸೌಲ ಗಿಲ್ಬೋವ ಬೆಟ್ಟದಲ್ಲಿ ಸತ್ತಾಗ ಫಿಲಿಷ್ಟಿಯರು ಅವನ ಹೆಣವನ್ನು ಬೇತ್‌ಷಾನ್ ಕೋಟೆಗೋಡೆಗೆ ತೂಗುಹಾಕಿದರು. ಯಾಬೇಷಿನ ಗಂಡಸರು ರಾತ್ರಿಯಿಡೀ ನಡೆದು ಬಂದು ಅದನ್ನು ಇಳಿಸಿಕೊಂಡು ಹೋದರು.